ಬ್ರೈಸ್ ಅಂಚಿನಲ್ಲಿ ಒಂದು ಹಗಲು

ಅಮೆರಿಕದ ಯೂಟಾ ರಾಜ್ಯದ ದಕ್ಷಿಣಕ್ಕಿರುವ ಬ್ರೈಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಕ್ಕೆ ವಾಹನದಲ್ಲಿ ಬಂದವರಿಗೆ ಸಿಗುವ ಮೊದಲ ಕಿವಿಮಾತು ಇದು: ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ, ಸೀದಾ ರಸ್ತೆಯ ಕೊನೆಗೆ ಹೋಗಿ, ವಾಪಸು ಬರುವಾಗ ಒಂದೊಂದಾಗಿ ನೋಡಿಕೊಂಡು ಬನ್ನಿ. ಇದಕ್ಕೆ ಕಾರಣ ಸರಳ. ಪ್ರಸ್ಥಭೂಮಿಯ ಅಂಚಿನುದ್ದಕ್ಕೂ ದಕ್ಷಿಣಕ್ಕೆ ಸಾಗುವ ಈ ರಸ್ತೆ 18 ಮೈಲಿ ಉದ್ದ. ವ್ಯೂ ಪಾಯಿಂಟ್‌ಗಳೆಲ್ಲ ಪೂರ್ವಕ್ಕೆ, ಅಂದರೆ ಹೋಗುವಾಗ ಎಡಕ್ಕೆ. ಬಲಬದಿಯಲ್ಲಿ ವಾಹನ ಓಡಿಸುವ ಈ ದೇಶದಲ್ಲಿ ಎದುರಿನ ವಾಹನಗಳನ್ನು ಅಡ್ಡಹಾಯ್ದು ಎಡಕ್ಕೆ ತಿರುಗುವ ಬದಲು, ಹಿಂದಿರುಗುವಾಗ ನಿರಾಳವಾಗಿ ಬಲಕ್ಕೆ ತಿರುಗಬಹುದು. ಚಿಕ್ಕ ಕಾರಿನವರಿಗೆ ಇದು ಅನುಕೂಲ, 25 ಅಡಿ ಉದ್ದದ ಆರ್‌ವಿ ಓಡಿಸುವ ಎಪ್ಪತ್ತರ ಆಸುಪಾಸಿನವರಿಗೆ ದೊಡ್ಡ ನೆಮ್ಮದಿ. ನಮ್ಮ ಯಜಮಾನರು ಸ್ಟಿಯರಿಂಗ್ ಹಿಡಿದಿದ್ದರು, ನಾನು ಪಕ್ಕದಲ್ಲಿ ನಕ್ಷೆ ಬಿಚ್ಚಿ ಕೂತಿದ್ದೆ. ಅಕ್ಟೋಬರ್ ಮೊದಲ ವಾರ. ರಸ್ತೆಯ ಎರಡೂ ಕಡೆ ಪಾಂಡೆರೋಸಾ ಪೈನ್ ಮರಗಳು, ನಡುನಡುವೆ ಎಲೆಯೆಲ್ಲ ಹಳದಿಯಾದ ಆಸ್ಪೆನ್.

ಆರ್‌ವಿ ಅಂದರೆ ಇಲ್ಲಿ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡ ವಾಹನ. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಊಟದ ಮೇಜು, ಬಚ್ಚಲು. ನಾವು ಬಾಡಿಗೆಗೆ ಪಡೆದ ಅಳತೆಯದನ್ನು ಓಡಿಸಲು ಸಾಮಾನ್ಯ ಕಾರಿನ ಲೈಸೆನ್ಸೇ ಸಾಕು. ಇಷ್ಟು ದೊಡ್ಡ ಗಾಡಿ ಈ ವಯಸ್ಸಿನಲ್ಲಿ ಯಾಕೆ ಎಂದು ಊರಿನಿಂದ ಫೋನ್ ಮಾಡಿದವರೆಲ್ಲ ಕೇಳಿದರು. ಈ ವಯಸ್ಸಿಗೇ ಅದು ಬೇಕು. ರಾತ್ರಿ ಎರಡು ಮೂರು ಸಲ ಏಳಬೇಕಾದವರಿಗೆ, ಫ್ರಿಜ್ಜಿನಲ್ಲಿ ಇನ್ಸುಲಿನ್ ಇಡಬೇಕಾದವರಿಗೆ, ಮಧ್ಯಾಹ್ನ ಅರ್ಧ ಗಂಟೆ ಬೆನ್ನು ಚಾಚದಿದ್ದರೆ ಸಂಜೆ ನಡೆಯಲಾಗದವರಿಗೆ, ನಾಲ್ಕು ಹೆಜ್ಜೆಯ ಅಂತರದಲ್ಲಿ ಬಚ್ಚಲು ಮತ್ತು ಹಾಸಿಗೆ ಇರುವುದೆಂದರೆ ಪ್ರವಾಸ ಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ವ್ಯತ್ಯಾಸ. ನಮ್ಮ ವಯಸ್ಸಿನವರು ಬಾಯಿಬಿಟ್ಟು ಹೇಳಲು ಸಂಕೋಚಪಡುವ ವಿಷಯ ಇದು. ಎಷ್ಟೋ ಹಿರಿಯರು ಮನೆಯಲ್ಲೇ ಉಳಿಯುವುದು ಕಾಲಿನ ದೆಸೆಯಿಂದಲ್ಲ, ದಾರಿಯಲ್ಲಿ ಶೌಚಾಲಯ ಸಿಕ್ಕೀತೋ ಇಲ್ಲವೋ ಎಂಬ ಭಯದಿಂದ.

ಇನ್ನೊಂದು ಅನುಕೂಲವನ್ನೂ ಹೇಳಿಬಿಡುತ್ತೇನೆ, ಮಕ್ಕಳ ಜೊತೆ ಇಲ್ಲಿ ನೆಲೆಸಿದ ತಂದೆತಾಯಿಯರಲ್ಲಿ ಹಲವರಿಗೆ ಗೊತ್ತಿಲ್ಲ. 62 ವರ್ಷ ದಾಟಿದ ಅಮೆರಿಕನ್ ಪ್ರಜೆಗಳಿಗೆ ಮಾತ್ರವಲ್ಲ, ಗ್ರೀನ್ ಕಾರ್ಡ್ ಇರುವ ಖಾಯಂ ನಿವಾಸಿಗಳಿಗೂ ಹಿರಿಯರ ಪಾಸ್ ಸಿಗುತ್ತದೆ. 2017ರವರೆಗೆ 10 ಡಾಲರ್ ಇತ್ತು, ಆಮೇಲೆ 80 ಆಯಿತು. ಒಮ್ಮೆ ಕೊಟ್ಟರೆ ಬದುಕಿರುವವರೆಗೆ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ, ಜೊತೆಗೆ ಅದೇ ಕಾರಿನಲ್ಲಿ ಬಂದವರಿಗೂ. ಉದ್ಯಾನಗಳ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬಾಡಿಗೆ ಅರ್ಧಕ್ಕರ್ಧ. ನಾವು ತಂಗಿದ ನಾರ್ತ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟಿನ ಸಂಪರ್ಕವಿಲ್ಲ, ಜನರೇಟರನ್ನೂ ಗೊತ್ತುಪಡಿಸಿದ ಹೊತ್ತಿನಲ್ಲಷ್ಟೇ ಹಾಕಬಹುದು. ಆದರೆ ಕಣಿವೆಯ ಅಂಚಿಗೆ ಅಲ್ಲಿಂದ ನಡೆದೇ ಹೋಗಬಹುದು.

ರಸ್ತೆ ಮುಗಿಯುವುದು ರೇನ್‌ಬೋ ಪಾಯಿಂಟ್‌ನಲ್ಲಿ, ಸಮುದ್ರಮಟ್ಟದಿಂದ 9,115 ಅಡಿ ಎತ್ತರ. ಗಾಡಿಯಿಂದ ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಗಿಡ್ಡವಾಗುತ್ತದೆ. ಅವಸರ ಮಾಡಬಾರದು, ನಿಂತು, ನೀರು ಕುಡಿದು, ಮತ್ತೆ ನಡೆಯಬೇಕು. ಪಕ್ಕದಲ್ಲೇ ಯೋವಿಂಪಾ ಪಾಯಿಂಟ್. ಅಲ್ಲಿಂದ ದಕ್ಷಿಣಕ್ಕೆ ನೋಡಿದರೆ ನೆಲ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತಾ ಹೋಗುತ್ತದೆ. ನಾವು ನಿಂತದ್ದು ಗುಲಾಬಿ ಬಂಡೆಗಳ ಮೇಲಿನ ಮೆಟ್ಟಿಲಲ್ಲಿ. ಅದರ ಕೆಳಗೆ ಬೂದು, ಅದರಾಚೆ ಬಿಳಿ, ಆಮೇಲೆ ಕುಂಕುಮಗೆಂಪು, ಕೊನೆಗೆ ಕಂದು. ಭೂವಿಜ್ಞಾನಿಗಳು ಇದನ್ನು ಗ್ರ್ಯಾಂಡ್ ಸ್ಟೇರ್‌ಕೇಸ್ ಎನ್ನುತ್ತಾರೆ. ದಿಗಂತದಲ್ಲಿ ಕಾಣುವ ಕಪ್ಪು ಗೆರೆ ಅರಿಜೋನಾದ ಕೈಬಾಬ್ ಪ್ರಸ್ಥಭೂಮಿ. ಗ್ರ್ಯಾಂಡ್ ಕ್ಯಾನ್ಯನ್ನಿನ ಉತ್ತರದ ಅಂಚು ಅದರಲ್ಲೇ ಇದೆ. ಪೂರ್ವಕ್ಕೆ, ಸುಮಾರು 80 ಮೈಲಿ ದೂರದಲ್ಲಿ, ನವಾಹೋ ಪರ್ವತದ ಬೋಳುತಲೆ. ಗಾಳಿ ಅಷ್ಟು ತಿಳಿ. ಬೆಂಗಳೂರಿನಲ್ಲಿ ನಿಂತು ಮೈಸೂರಿನಾಚೆಗಿನ ಬೆಟ್ಟವನ್ನು ಬರಿಗಣ್ಣಿನಲ್ಲಿ ಕಂಡಷ್ಟು ದೂರ.

ಇಲ್ಲಿ ನಾವು ಬಹಳ ಹೊತ್ತು ಕೂತೆವು. ಬೇರೆಯವರು ಬರುತ್ತಿದ್ದರು, ಫೋಟೊ ತೆಗೆಯುತ್ತಿದ್ದರು, ಹೋಗುತ್ತಿದ್ದರು. ಕೂತೇ ಇದ್ದವರಿಗೆ ಕಂಡದ್ದು ಬೇರೆ. ಮೊದಲ ಹತ್ತು ನಿಮಿಷ ಎಲ್ಲವೂ ಒಂದೇ ಕೆಂಪು. ಕಣ್ಣು ಹೊಂದಿಕೊಂಡ ಮೇಲೆ ಕೆಂಪಿನೊಳಗೆ ಕೇಸರಿ, ಕೇಸರಿಯೊಳಗೆ ನೇರಳೆಯ ಸಣ್ಣ ಪಟ್ಟಿ. ಕೆಂಪಿಗೆ ಕಾರಣ ಕಬ್ಬಿಣದ ತುಕ್ಕು, ನೇರಳೆಗೆ ಮ್ಯಾಂಗನೀಸ್. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಇಲ್ಲಿ ದೊಡ್ಡ ಸರೋವರಗಳಿದ್ದವು. ಅವುಗಳ ತಳದಲ್ಲಿ ಕೂತ ಸುಣ್ಣ, ಹೂಳು, ಜೇಡಿ ಗಟ್ಟಿಯಾಗಿ ಬಂಡೆಯಾದವು. ಕ್ಲಾರನ್ ಎಂಬುದು ಆ ಪದರಗಳ ಹೆಸರು. ಆಮೇಲೆ ಇಡೀ ಕೊಲರಾಡೊ ಪ್ರಸ್ಥಭೂಮಿಯೇ ಮೇಲೆದ್ದಾಗ ಸರೋವರದ ತಳ ಬೆಟ್ಟದ ನೆತ್ತಿಯಾಯಿತು.

ರೇನ್‌ಬೋ ಪಾಯಿಂಟ್‌ನಿಂದ ಹೊರಡುವ ಒಂದು ಮೈಲಿಯ ಕಾಲುದಾರಿ ಬ್ರಿಸಲ್‌ಕೋನ್ ಪೈನ್ ಮರಗಳ ನಡುವೆ ಹಾಯುತ್ತದೆ. ಅಷ್ಟನ್ನು ನಾವು ನಡೆದೆವು. ಈ ಮರದ ಎಲೆ ಚಿಕ್ಕ ಸೂಜಿ, ಐದೈದು ಸೂಜಿಯ ಗೊಂಚಲು. ಗೊಂಚಲುಗಳು ಕೊಂಬೆಯ ತುದಿಯುದ್ದಕ್ಕೂ ಒತ್ತೊತ್ತಾಗಿ ಕೂತಿರುವುದರಿಂದ ಕೊಂಬೆ ನರಿಯ ಬಾಲದಂತೆ ಕಾಣುತ್ತದೆ. ಹೊಸ ಸೂಜಿ ಬೆಳೆಸಲು ಬೇಕಾದ ಶಕ್ತಿಯನ್ನು ಉಳಿಸಿಕೊಳ್ಳುವ ಮರ ಇದು, ಒಂದೇ ಸೂಜಿಯನ್ನು ಮೂವತ್ತು ನಲವತ್ತು ವರ್ಷ ಇಟ್ಟುಕೊಳ್ಳುತ್ತದೆ. ಕಾಂಡದ ಬಹುಭಾಗ ಸತ್ತು ಬೆಳ್ಳಗಾಗಿ ಹೊಳೆಯುತ್ತಿರುತ್ತದೆ, ಒಂದು ಬದಿಯಲ್ಲಿ ಅಂಗೈಯಗಲದ ತೊಗಟೆ ಮಾತ್ರ ಜೀವಂತ. ಆ ಪಟ್ಟಿಯ ಮೂಲಕ ನೀರು ಏರಿ ನಾಲ್ಕಾರು ಕೊಂಬೆಗಳನ್ನು ಹಸಿರಾಗಿ ಇಟ್ಟಿರುತ್ತದೆ. ಬ್ರೈಸ್‌ನಲ್ಲಿ 1600 ವರ್ಷ ದಾಟಿದ ಮರವಿದೆ. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಕನ್ನಡವನ್ನು ಕಲ್ಲಿನಲ್ಲಿ ಕೊರೆದ ಆ ಹೊತ್ತಿಗೆ ಈ ಮರ ಆಗಲೇ ಮೊಳೆತಿತ್ತು. ಎಷ್ಟೋ ವರ್ಷ ಹಲ್ಮಿಡಿಯನ್ನು ಮಕ್ಕಳಿಗೆ ಇಸವಿಯಾಗಿ ಪಾಠ ಹೇಳಿದವಳು ನಾನು. ಅಷ್ಟು ಕಾಲವೆಂದರೆ ಎಷ್ಟು ಎಂದು ಅಂದು ಬೆಳಗ್ಗೆ ಅಲ್ಲಿ ಮೊದಲ ಸಲ ಮೈಗೆ ತಟ್ಟಿತು.

ಕಾಲುದಾರಿಯ ಪಕ್ಕದ ಬಂಡೆಯೊಂದರ ಬಿರುಕಿನಲ್ಲಿ ರಾತ್ರಿಯ ನೀರು ಇನ್ನೂ ಮಂಜುಗಡ್ಡೆಯಾಗಿಯೇ ಇತ್ತು. ಇವರು ಬಗ್ಗಿ ಬೆರಳಿಟ್ಟು ನೋಡಿದರು. ಗಡ್ಡೆಯ ಅಂಚಿನಲ್ಲಿ ಬೇಳೆಕಾಳಿನಷ್ಟು ದೊಡ್ಡ ಕಲ್ಲಿನ ಚೂರುಗಳು ಸಡಿಲಾಗಿ ಕೂತಿದ್ದವು, ಮುಟ್ಟಿದರೆ ಬೆರಳಿಗೆ ಬಂದವು. ಬ್ರೈಸ್ ಆದದ್ದು ಹೀಗೇ. ಇದನ್ನು ಕೊರೆದದ್ದು ಗ್ರ್ಯಾಂಡ್ ಕ್ಯಾನ್ಯನ್ನಿನಂತೆ ಒಂದು ಮಹಾನದಿಯಲ್ಲ. ವರ್ಷದಲ್ಲಿ ಸುಮಾರು 200 ದಿನ ಇಲ್ಲಿ ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಹೆಪ್ಪುಗಟ್ಟುವಾಗ ನೀರು ಶೇ 9ರಷ್ಟು ಹಿಗ್ಗುತ್ತದೆ, ಬಿರುಕಿನ ಗೋಡೆಗಳನ್ನು ಒತ್ತಿ ಅಗಲಿಸುತ್ತದೆ. ಹಗಲು ಕರಗಿದ ನೀರು ಇನ್ನಷ್ಟು ಒಳಗಿಳಿಯುತ್ತದೆ, ರಾತ್ರಿ ಮತ್ತೆ ಒತ್ತುತ್ತದೆ. ಮಳೆಯ ನೀರಿನಲ್ಲಿರುವ ಸ್ವಲ್ಪವೇ ಆಮ್ಲ ಸುಣ್ಣಗಲ್ಲನ್ನು ಕರಗಿಸಿ ಮೂಲೆಗಳನ್ನು ನಯಮಾಡುತ್ತದೆ. ಪ್ರಸ್ಥಭೂಮಿಯ ಅಂಚು ಮೊದಲು ತೆಳು ಗೋಡೆಗಳಾಗಿ ಸೀಳುತ್ತದೆ, ಗೋಡೆಯಲ್ಲಿ ಕಿಟಕಿ ಬೀಳುತ್ತದೆ, ಕಿಟಕಿಯ ಮೇಲ್ಕಟ್ಟು ಕುಸಿದಾಗ ಎರಡು ಕಂಬ ಉಳಿಯುತ್ತವೆ. ಈ ಕಂಬಗಳಿಗೆ ಹೂಡೂ ಎಂದು ಹೆಸರು. ನೆತ್ತಿಯಲ್ಲಿ ಗಟ್ಟಿ ಡಾಲಮೈಟಿನ ಟೊಪ್ಪಿಗೆ ಇದ್ದರೆ ಕಂಬ ಹೆಚ್ಚು ಕಾಲ ನಿಲ್ಲುತ್ತದೆ, ಟೊಪ್ಪಿಗೆ ಬಿದ್ದರೆ ಬೇಗ ಕರಗುತ್ತದೆ. ಅಂಚು ನೂರು ವರ್ಷಕ್ಕೆ ಎರಡರಿಂದ ನಾಲ್ಕು ಅಡಿ ಹಿಂದೆ ಸರಿಯುತ್ತಿದೆ. ನಮ್ಮ ಬೆರಳಿಗೆ ಬಂದ ಚೂರುಗಳು ಆ ಲೆಕ್ಕದವು.

ಆಮೇಲೆ ಉತ್ತರದ ಕಡೆಗೆ ಗಾಡಿ ತಿರುಗಿತು. ಬ್ಲ್ಯಾಕ್ ಬರ್ಚ್, ಪಾಂಡೆರೋಸಾ ಎಂಬ ಎರಡು ವ್ಯೂ ಪಾಯಿಂಟ್‌ಗಳನ್ನು ಇಳಿದು ನೋಡಿ ಬೇಗ ಹೊರಟೆವು. ಅಗ್ವಾ ಕ್ಯಾನ್ಯನ್ ಹಾಗಲ್ಲ. ಅಲ್ಲಿ ದಂಡೆಗೆ ಬಹಳ ಹತ್ತಿರದಲ್ಲಿ ಒಂದು ಭಾರೀ ಹೂಡೂ ನಿಂತಿದೆ, ಹೆಸರು ಹಂಟರ್. ಅದರ ತಲೆಯ ಮೇಲೆ ಹಸಿರು ಮರಗಳು ಬೆಳೆದಿವೆ. ಹಿಡಿ ಮಣ್ಣೂ ನಿಲ್ಲದ ನೆತ್ತಿಯಲ್ಲಿ ಬೇರು ಎಲ್ಲಿಗೆ ಇಳಿದಿದೆ ಎಂದು ಇವರು ದುರ್ಬೀನು ಹಿಡಿದು ಹುಡುಕುತ್ತಲೇ ಇದ್ದರು. ನ್ಯಾಚುರಲ್ ಬ್ರಿಡ್ಜ್‌ನಲ್ಲಿ ಜನಸಂದಣಿ, ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಒಂದು ಸುತ್ತು ಕಾದು ನಿಲ್ಲಿಸಿದೆವು, ಕಾದದ್ದಕ್ಕೆ ತಕ್ಕ ನೋಟ. 85 ಅಡಿ ಅಗಲದ ಕಮಾನು, ಅದರ ಅಡಿಯಿಂದ ಕಾಣುವ ಕಡುಹಸಿರು ಕಾಡು. ಹೊಳೆ ಹರಿದು ಆದ ಸೇತುವೆ ಇದಲ್ಲ, ಮಳೆ ಮತ್ತು ಮಂಜುಗಡ್ಡೆ ಕೊರೆದ ಕಮಾನು.

ಫಾರ್‌ವ್ಯೂ ಪಾಯಿಂಟ್‌ನಲ್ಲಿ ಊಟ. ಈ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಗಂಟೆಗಟ್ಟಲೆ ಇಟ್ಟರೂ ನುಣ್ಣಗೆ ಬೇಯುವುದಿಲ್ಲ. ಊರಿನಿಂದ ತಂದ ಕುಕ್ಕರ್ ಇದ್ದುದರಿಂದ ಅನ್ನ, ಸಾರು ಎರಡೂ ಆಯಿತು. ಒಗ್ಗರಣೆಯ ವಾಸನೆಗೆ ಪಕ್ಕದ ಗಾಡಿಯ ಅಜ್ಜಿ ಇಣುಕಿದರು, ಒಂದು ಲೋಟ ಸಾರು ಕೊಟ್ಟೆ, ಮೆಚ್ಚಿ ಕುಡಿದರು.

ಊಟದ ಮೇಜಿನಲ್ಲಿ ನಾವು ಮಾತಾಡಿದ್ದು ಎಡ್ವರ್ಡ್ ಆ್ಯಬಿಯ ಬಗ್ಗೆ. 1956 ಮತ್ತು 57ರಲ್ಲಿ ಇದೇ ಯೂಟಾದ ಆರ್ಚಸ್‌ನಲ್ಲಿ ರೇಂಜರ್ ಆಗಿದ್ದವನು. ಆ ಅನುಭವದಿಂದ ಬರೆದ ‘ಡೆಸರ್ಟ್ ಸಾಲಿಟೇರ್’ 1968ರಲ್ಲಿ ಪ್ರಕಟವಾಯಿತು. ಮರುಭೂಮಿಯನ್ನು ಅಷ್ಟು ಪ್ರೀತಿಸಿ ಬರೆದವರನ್ನು ನಾನು ಬೇರೆ ಓದಿಲ್ಲ. ರಾಷ್ಟ್ರೀಯ ಉದ್ಯಾನಗಳಿಂದ ಕಾರುಗಳನ್ನು ಪೂರ್ತಿ ಹೊರಗಿಡಬೇಕು, ಜನ ನಡೆಯಬೇಕು ಅಥವಾ ಸೈಕಲ್ ತುಳಿಯಬೇಕು ಎಂಬುದು ಅವನ ವಾದ. ಕಾರಿನ ಗಾಜಿನ ಹಿಂದಿನಿಂದ ನೋಡಿದ್ದು ನೋಡಿದ್ದೇ ಅಲ್ಲ ಎನ್ನುತ್ತಾನೆ. ಮುದುಕರ ಗತಿ ಏನು ಎಂದು ಕೇಳುವವರಿಗೂ ಅವನಲ್ಲಿ ಉತ್ತರವಿದೆ: ಈ ನಾಡು ಹಾಳಾಗುವ ಮುಂಚೆ ನೋಡಲು ಅವರಿಗೆ ಅವಕಾಶವಿತ್ತು, ಈಗ ಅವರ ಮೇಲೆ ಕನಿಕರ ಬೇಡ.

ಈ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಅವಕಾಶ ಯಾರಿಗಿತ್ತು? ಇವರು ಬ್ಯಾಂಕಿನ ನೌಕರಿಯಲ್ಲಿ ರಾಯಚೂರು, ಗದಗ, ಶಿರಸಿ ಎಂದು ವರ್ಗವಾಗುತ್ತಲೇ ಇದ್ದರು. ನಾನು ಶಾಲೆಯಲ್ಲಿ. ಕಾಲು ಗಟ್ಟಿಯಿದ್ದ ವರ್ಷಗಳು ನಾದಿನಿಯರ ಮದುವೆ, ಮಾವನವರ ಕಾಯಿಲೆ, ಮನೆಯ ಸಾಲ, ಮಗನ ಫೀಸು ಇವುಗಳಲ್ಲಿ ಮುಗಿದವು. ಅದರ ಬಗ್ಗೆ ನಮಗೆ ಬೇಸರವಿಲ್ಲ, ಮಾಡಬೇಕಾದದ್ದನ್ನೇ ಮಾಡಿದೆವು. ಪ್ರಪಂಚ ನೋಡುವ ಪುರುಸೊತ್ತು ಸಿಕ್ಕಿದ್ದು ಮಂಡಿ ಸವೆದ ಮೇಲೆ. ನಮ್ಮಂಥವರು ಕರ್ನಾಟಕದಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಲೆಕ್ಕವಿಲ್ಲದಷ್ಟಿದ್ದಾರೆ. ಸಾರು ಕುಡಿದ ಅಜ್ಜಿ ನೆಬ್ರಾಸ್ಕಾದ ಹೊಲದ ಮನೆಯವರು, ದನಕರು ಬಿಟ್ಟು ಎಲ್ಲೂ ಹೋಗಲಾಗಿರಲಿಲ್ಲವಂತೆ. ಯೌವನದಲ್ಲಿ ಬಿಡುವಿದ್ದವನು ಬಿಡುವಿಲ್ಲದವರ ಬಗ್ಗೆ ತೀರ್ಪು ಕೊಟ್ಟ ಹಾಗಾಯಿತು ಆ್ಯಬಿಯ ಮಾತು. ಅವನು ತೀರಿಕೊಂಡದ್ದು 1989ರಲ್ಲಿ, 62ನೇ ವಯಸ್ಸಿನಲ್ಲಿ. ಹಿರಿಯರ ಪಾಸ್ ಕೈಗೆ ಬರುವ ವಯಸ್ಸು ಅದು. ಇನ್ನೂ ಇಪ್ಪತ್ತು ವರ್ಷ ಬದುಕಿದ್ದರೆ ಆ ಪುಟವನ್ನು ಬೇರೆ ಥರ ಬರೆಯುತ್ತಿದ್ದನೋ ಏನೋ.

ರಸ್ತೆ ಇಲ್ಲದಿದ್ದರೆ ಬ್ರೈಸ್ ಉದ್ಯಾನವೇ ಆಗುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. 1915ರಲ್ಲಿ ಜೆ. ಡಬ್ಲ್ಯು. ಹಂಫ್ರಿ ಎಂಬ ಅರಣ್ಯಾಧಿಕಾರಿ ಈ ಭಾಗಕ್ಕೆ ಬಂದ. ಅಂಚಿನಲ್ಲಿ ನಿಂತು ನೋಡಿದವನು ಇದನ್ನು ನಾಲ್ಕು ಜನಕ್ಕೆ ತೋರಿಸಲೇಬೇಕು ಎಂದು ಹಟ ಹಿಡಿದ. ಮರುವರ್ಷ 50 ಡಾಲರ್ ಮಂಜೂರು ಮಾಡಿಸಿಕೊಂಡು ಕಾರು ಅಂಚಿನವರೆಗೆ ಬರುವಂತೆ ದಾರಿ ಮಾಡಿಸಿದ. ಬಂದವರು ನೋಡಿದರು, ಪತ್ರಿಕೆಗಳಲ್ಲಿ ಬಂತು, 1923ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 1928ರಲ್ಲಿ ರಾಷ್ಟ್ರೀಯ ಉದ್ಯಾನ. ನಾವು ಓಡಿಸಿದ ಅಂಚಿನ ರಸ್ತೆ 1930ರ ದಶಕದ್ದು. ಐವತ್ತು ಡಾಲರಿನ ಆ ದಾರಿ ಇಲ್ಲದಿದ್ದರೆ ಈ ಬಂಡೆಗಳ ಪರ ಮಾತಾಡುವವರೇ ಇರುತ್ತಿರಲಿಲ್ಲ.

ಆದರೆ ಆ್ಯಬಿಯ ಉಳಿದ ಮಾತಿಗೆ ಬ್ರೈಸ್ ತಡವಾಗಿಯಾದರೂ ಕಿವಿಗೊಟ್ಟಿದೆ, ಅದು ಒಳ್ಳೆಯದೇ ಆಯಿತು. ಉದ್ಯಾನದ ಹೃದಯಭಾಗವಾದ ಬ್ರೈಸ್ ಆ್ಯಂಫಿಥಿಯೇಟರ್‌ನ ಸುತ್ತ 2000ದಿಂದ ಉಚಿತ ಶಟಲ್ ಬಸ್ಸು ಓಡುತ್ತಿದೆ. ಅದು ಓಡುವ ಹೊತ್ತಿನಲ್ಲಿ ನಮ್ಮಂಥ ಉದ್ದನೆಯ ಗಾಡಿಗಳನ್ನು ಬ್ರೈಸ್ ಪಾಯಿಂಟ್‌ಗೆ ಒಯ್ಯುವಂತಿಲ್ಲ. ಮಧ್ಯಾಹ್ನ ಕ್ಯಾಂಪ್‌ಗೆ ಬಂದು, ಗಾಡಿ ನಿಲ್ಲಿಸಿ, ಅರ್ಧ ಗಂಟೆ ಮಲಗೆದ್ದು ಬಸ್ಸು ಹತ್ತಿದೆವು. ಮುದುಕರನ್ನು ಹೊರಗಿಡದೆಯೇ ಕಾರುಗಳನ್ನು ಹೊರಗಿಡಬಹುದು ಎಂಬುದಕ್ಕೆ ಈ ಬಸ್ಸೇ ಸಾಕ್ಷಿ. ಗಾಲಿಕುರ್ಚಿಯಲ್ಲಿದ್ದ ಒಬ್ಬರಿಗೆ ಚಾಲಕಿ ಎದ್ದು ಬಂದು ಬೆಲ್ಟ್ ಬಿಗಿದು, ಸರಿಯಾಗಿದೆಯೇ ಎಂದು ಕೇಳಿ, ಆಮೇಲೆ ಹೊರಟರು. ಬಸ್ಸಿನಲ್ಲಿದ್ದವರಾರೂ ಗಡಿಯಾರ ನೋಡಲಿಲ್ಲ.

ಬ್ರೈಸ್ ಪಾಯಿಂಟ್‌ನಿಂದ ಕಾಣುವುದು ಸಾವಿರಾರು ಹೂಡೂಗಳು, ಸಾಲುಸಾಲಾಗಿ, ಅರ್ಧಚಂದ್ರಾಕಾರದಲ್ಲಿ. ಈ ನೆಲದ ಮೂಲನಿವಾಸಿಗಳಾದ ಪೈಯೂಟ್ ಜನರಲ್ಲಿ ಇದಕ್ಕೊಂದು ಕತೆಯಿದೆ, 1936ರಲ್ಲಿ ಹಿರಿಯರೊಬ್ಬರು ಹೇಳಿದ್ದನ್ನು ಉದ್ಯಾನದವರು ಬರೆದಿಟ್ಟುಕೊಂಡರು. ಬಹಳ ಹಿಂದೆ ಇಲ್ಲಿ ಇದ್ದವರು ಮನುಷ್ಯರಲ್ಲ, ಮನುಷ್ಯರಂತೆ ಕಾಣಬಲ್ಲ ಹಕ್ಕಿ, ಹಲ್ಲಿ, ಮೃಗಗಳು. ಕೆಟ್ಟದ್ದು ಮಾಡಿದ್ದಕ್ಕೆ ಕಾಯೋಟಿ ಎಂಬ ತೋಳದ ಬಳಗದ ಪ್ರಾಣಿ ಅವರನ್ನೆಲ್ಲ ಕಲ್ಲಾಗಿಸಿತು. ನಿಂತವರು ನಿಂತಲ್ಲೇ, ಕೂತವರು ಕೂತಲ್ಲೇ, ಮುಖದ ಬಣ್ಣ ಇನ್ನೂ ಹಾಗೇ ಇದೆ. ಕತೆ ಕೇಳಿದ ಮೇಲೆ ಒಂದೊಂದು ಕಂಬಕ್ಕೂ ಮುಖ ಬಂತು. ಈ ಉದ್ಯಾನಕ್ಕೆ ಹೆಸರು ಕೊಟ್ಟ ಎಬನೀಜರ್ ಬ್ರೈಸ್ 1870ರ ದಶಕದಲ್ಲಿ ಬಂದು ಕೆಲವೇ ವರ್ಷ ಇಲ್ಲಿದ್ದು ಹೊರಟುಹೋದ ಬಡಗಿ. ಪೈಯೂಟರ ಹೆಸರುಗಳು ನಕ್ಷೆಯಲ್ಲಿ ಯೋವಿಂಪಾದಂಥ ಕೆಲವೆಡೆ ಮಾತ್ರ ಉಳಿದಿವೆ. ಇನ್ನಷ್ಟು ಉಳಿಯಬೇಕಿತ್ತು.

ಇವರು ಬೇಲಿಗೆ ಮೊಣಕೈ ಊರಿ ದುರ್ಬೀನು ಹಿಡಿದು, ಒಂದೇ ಗೋಡೆಯನ್ನು ನೋಡುತ್ತಾ ನಿಂತರು. ಅದರಲ್ಲಿ ಸಾಲಾಗಿ ಕಿಟಕಿಗಳು ಬಿದ್ದಿವೆ. ಬೆಳಗ್ಗೆ ಬಿರುಕಿನಲ್ಲಿ ಕಂಡ ಕೆಲಸ ಇಲ್ಲಿ ಅರ್ಧಕ್ಕೆ ಬಂದು ನಿಂತಿದೆ: ಗೋಡೆ ಇನ್ನೂ ಗೋಡೆಯೇ, ಒಂದು ಕಿಟಕಿಯ ಮೇಲ್ಕಟ್ಟು ಮಾತ್ರ ಬಹಳ ತೆಳು. ಅದು ಬೀಳುವಾಗ ನೋಡುವವರು ಯಾರೋ ಎಂದರು. ಕೆಳಗಿನ ಕಾಲುದಾರಿಯಲ್ಲಿ ಎಳೆಯರು ಬೆನ್ನಿಗೆ ಚೀಲ ಹಾಕಿಕೊಂಡು ಹೂಡೂಗಳ ಬುಡದಲ್ಲೇ ನಡೆಯುತ್ತಿದ್ದರು. ಅವರಿಗೆ ಕಲ್ಲಿನ ತಂಪು, ಸಂದಿನ ಕತ್ತಲು, ತಲೆ ಎತ್ತಿದಾಗ ಕಾಣುವ ಕಿರಿದಾದ ಆಕಾಶ ಸಿಕ್ಕಿರುತ್ತದೆ, ಅದು ನಮಗಿಲ್ಲ. ಆದರೆ ಅವರು ಯಾವ ಗೋಡೆಯ ಕೆಳಗೆ ನಡೆಯುತ್ತಿದ್ದಾರೆ, ಆ ಗೋಡೆ ಮುಂದೆ ಏನಾಗಲಿದೆ, ಹಿಂದಿನ ಸಾಲು ಏನಾಗಿದೆ ಎಂದು ಮೂರನ್ನೂ ಒಟ್ಟಿಗೆ ಕಂಡವರು ಮೇಲೆ ಕೂತ ನಾವು. ದಂಡೆಯಿಂದ ನೋಡುವುದು ಕಡಿಮೆ ದರ್ಜೆಯ ನೋಟವಲ್ಲ. ಅದಕ್ಕೆ ಬೇಕಾದದ್ದು ಹೊತ್ತು, ಹಾಗೂ ಕೂರಲು ಒಂದು ಬೆಂಚು. ಬ್ರೈಸ್‌ನಲ್ಲಿ ಇನ್ನಷ್ಟು ಬೆಂಚುಗಳು ಬೇಕು, ಅದರಲ್ಲೂ ದಕ್ಷಿಣದ ತಾಣಗಳಲ್ಲಿ. ವಿಸಿಟರ್ ಸೆಂಟರಿನ ಅಭಿಪ್ರಾಯದ ಚೀಟಿಯಲ್ಲಿ ಇದನ್ನು ಬರೆದು ಹಾಕಿದ್ದೇನೆ.

ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗೆ ಅಂಚಿನುದ್ದಕ್ಕೂ ಅರ್ಧ ಮೈಲಿ ಡಾಂಬರು ಹಾಕಿದ ಸಮತಟ್ಟು ಹಾದಿಯಿದೆ, ಗಾಲಿಕುರ್ಚಿಯೂ ಹೋಗುತ್ತದೆ. ಅದನ್ನು ಮರುದಿನ ಬೆಳಗಿಗೆ ಇಟ್ಟುಕೊಂಡೆವು. ನೆಬ್ರಾಸ್ಕಾದ ಅಜ್ಜಿ, ಅವರ ಯಜಮಾನರು ಕೂಡ ಬರುತ್ತೇವೆ ಎಂದರು. ಬಿಸಿಲು ಏರಿ ಕಲ್ಲು ಕಾಯುವ ಮುಂಚೆ ಹೊರಡಬೇಕೆಂದು ನಾನು ಅಂದೆ, ಮೊದಲು ಕಾಫಿ ಆಗಲಿ ಎಂದು ಇವರು ಫಿಲ್ಟರಿಗೆ ಪುಡಿ ತುಂಬಿಟ್ಟರು.